ಚೀಟಿಯಲ್ಲಿ ಊರಿನ ಹೆಸರಿದೆ, ಓದುವವರಿಲ್ಲ

ಮಾನ್ಯ ಸಂಪಾದಕರೇ,

ಕಲಬುರಗಿ, ಯಾದಗಿರಿ, ಬೀದರ್‌ಗಳಲ್ಲಿ ಯಾವ ದವಾಖಾನೆಗೆ ಹೋದರೂ ಬಿಪಿ, ಶುಗರ್ ಇರುವವರಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಉಪ್ಪು ಕಡಿಮೆ ಮಾಡಿ, ನೀರು ಚೆನ್ನಾಗಿ ಕುಡಿಯಿರಿ, ದಿನಾ ಅರ್ಧ ತಾಸು ನಡೆಯಿರಿ, ಇನ್ಸುಲಿನ್ ಫ್ರಿಜ್ಜಿನಲ್ಲಿಡಿ. ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಚೆನ್ನಾಗಿ ಕುಡಿಯಬೇಕಾದ್ದು ಯಾವ ನೀರು? ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಬಡಿಯುವ ಏಪ್ರಿಲ್‌ನಲ್ಲಿ ನಡೆಯುವುದು ಎಷ್ಟೊತ್ತಿಗೆ? ಫ್ರಿಜ್ಜೇ ಇಲ್ಲದ ತಾಂಡಾದ ಮನೆಯವರು ಇನ್ಸುಲಿನ್ ಎಲ್ಲಿಡಬೇಕು? ಚೀಟಿಯ ಮೇಲೆ ಹೆಸರು, ವಯಸ್ಸಿನ ಪಕ್ಕದಲ್ಲೇ ಊರಿನ ಹೆಸರೂ ಇರುತ್ತದೆ. ರಿಜಿಸ್ಟರ್ ತುಂಬುವುದಕ್ಕೆ ಬಿಟ್ಟರೆ ಅದು ಯಾರ ಉಪಯೋಗಕ್ಕೂ ಬರುತ್ತಿಲ್ಲ. ಕಾಯಿಲೆ ಒಂದೇ ಇದ್ದರೂ ವಿಳಾಸ ಬದಲಾದರೆ ಅದರ ಕಾರಣ, ವೇಗ, ಆರೈಕೆ ಎಲ್ಲವೂ ಬದಲಾಗುತ್ತವೆ ಎಂಬುದನ್ನು ನಮ್ಮ ಮೂರು ಜಿಲ್ಲೆಗಳ ಉದಾಹರಣೆಯಿಂದಲೇ ಹೇಳಲು ಈ ಪತ್ರ.

ಮೊದಲು ಒಂದು ತಪ್ಪು ಕಲ್ಪನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಕ್ಕರೆ ಕಾಯಿಲೆ ಸಮೀಕ್ಷೆಯಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ದೇಶದ ಪಟ್ಟಣಗಳಲ್ಲಿ ನೂರಕ್ಕೆ 16.4, ಹಳ್ಳಿಗಳಲ್ಲಿ 8.9 ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದನ್ನೋದಿ ‘ಹಳ್ಳಿಯವರು ಗಟ್ಟಿ’ ಎಂದು ಸಮಾಧಾನ ಪಡುವವರು ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ನೋಡಬೇಕು. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಎರಡೂ ಕಡೆ ಸಮ, ನೂರಕ್ಕೆ 15ರ ಆಸುಪಾಸು. ಹಳ್ಳಿಯಲ್ಲಿ ಇವರ ಜೊತೆಗೆ ಪಟ್ಟಣದಲ್ಲಿ ಅಷ್ಟಾಗಿ ಕಾಣದ ಬೇರೆ ಹೊರೆಗಳೂ ಸೇರಿಕೊಳ್ಳುತ್ತವೆ. ಅದರಲ್ಲಿ ಮೊದಲನೆಯದು ನೀರು, ಅಂದರೆ ಅದರಲ್ಲಿ ಕರಗಿ ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್.

ಯಾದಗಿರಿ, ಶಹಾಪುರ, ಸುರಪುರ ಭಾಗದ ನೆಲದಡಿ ಗ್ರಾನೈಟ್ ಮತ್ತು ಅದೇ ಜಾತಿಯ ನೈಸ್ ಬಂಡೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣಕಲ್ಲು. ಆಳಂದ, ಅಫಜಲಪುರಕ್ಕೆ ಬಂದರೆ ಕರಿಕಲ್ಲು, ಬೀದರ್‌ನಲ್ಲಿ ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಗ್ರಾನೈಟ್ ಜಾತಿಯ ಬಂಡೆಗಳಲ್ಲಿರುವ ಫ್ಲೋರೈಡ್ ಖನಿಜ ನಿಂತ ನೀರಿಗೆ ನಿಧಾನವಾಗಿ ಬಿಡುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಫ್ಲೋರೈಡ್ ಅದಕ್ಕೆ ಅಂಟಿ ತಳ ಸೇರುತ್ತದೆ. ಸುಣ್ಣ ಕಡಿಮೆ, ಸೋಡಾದ ಗುಣ ಹೆಚ್ಚು ಇದ್ದರೆ ನೀರಿನಲ್ಲೇ ಉಳಿಯುತ್ತದೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ. ಹಾಗಾಗಿ ಒಂದೇ ಊರಿನ ಎರಡು ಬೋರುಗಳ ನೀರು ಬೇರೆ ಬೇರೆ ಇರುತ್ತದೆ. ‘ನಮ್ಮೂರ ನೀರು’ ಎಂಬುದಿಲ್ಲ. ‘ಹನುಮಂತ ದೇವರ ಗುಡಿ ಮುಂದಿನ ಬೋರಿನ ನೀರು’ ಎಂದೇ ಲೆಕ್ಕ ಹಿಡಿಯಬೇಕು.

ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಇಂಥ ಮಿತಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯವಾಗಿ ಹಾಕುವುದು ಒಬ್ಬರು ದಿನಕ್ಕೆ 2 ಲೀಟರ್ ಕುಡಿಯುತ್ತಾರೆ ಎಂಬ ಲೆಕ್ಕದ ಮೇಲೆ. ಮೇ ತಿಂಗಳಲ್ಲಿ ಹೊಲದಲ್ಲೋ ಉದ್ಯೋಗ ಖಾತ್ರಿ ಕೆಲಸದಲ್ಲೋ ಇರುವವರು 5 ಲೀಟರ್ ಕುಡಿಯುತ್ತಾರೆ. ನೀರಿನಲ್ಲಿ 3 ಮಿಲಿಗ್ರಾಂ ಇದ್ದರೆ ದಿನಕ್ಕೆ 15 ಮಿಲಿಗ್ರಾಂ ಒಳಗೆ ಹೋಯಿತು. ದಿನದ ಒಟ್ಟು ಸೇವನೆ 6 ಮಿಲಿಗ್ರಾಂ ದಾಟಿದರೆ ಎಲುಬಿಗೆ ಅಪಾಯದ ಸೂಚನೆಗಳಿವೆ, 14ಕ್ಕೆ ಮುಟ್ಟಿದರೆ ಅಪಾಯ ಖಚಿತ ಎಂದು ಅದೇ ಸಂಸ್ಥೆ ಹೇಳುತ್ತದೆ. ಅದೇ ಬೋರಿನ ನೀರನ್ನು ಫ್ಯಾನಿನ ಕೆಳಗೆ ಕೂತು 2 ಲೀಟರ್ ಕುಡಿಯುವ ಗುಮಾಸ್ತರಿಗೆ 6 ಮಿಲಿಗ್ರಾಂ. ಅಂದರೆ ಊರಷ್ಟೇ ಅಲ್ಲ, ಊರಿನಲ್ಲಿ ಏನು ಕೆಲಸ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹಲ್ಲಿನ ಮೇಲಿನ ಕಂದು ಪಟ್ಟಿಯನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಹಲ್ಲು ಕಲೆಯಾಗುವುದು ಅದು ಒಸಡಿನೊಳಗೆ ರೂಪುಗೊಳ್ಳುವಾಗ, ಸುಮಾರು ಎಂಟು ವರ್ಷದೊಳಗೆ ಮಾತ್ರ. ಮದುವೆಯಾಗಿ ಆ ಊರಿಗೆ ಬಂದ ಸೊಸೆಯ ಹಲ್ಲು ಬಿಳಿಯಾಗೇ ಇರುತ್ತದೆ, ಎಲುಬು, ಕೀಲು ಮಾತ್ರ ಬಿಗಿದು ಬಗ್ಗದಂತಾಗುತ್ತಾ ಹೋಗುತ್ತವೆ. ದೊಡ್ಡವರಲ್ಲಿ ನೋಡಬೇಕಾದ್ದು ಮೂರು: ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲು ಆಗುತ್ತದೆಯೇ, ಗದ್ದ ಎದೆಗೆ ತಾಗುತ್ತದೆಯೇ, ಎರಡೂ ಕೈ ತಲೆಯ ಹಿಂದೆ ಹೋಗುತ್ತವೆಯೇ. ಮೂರೂ ಕಷ್ಟವಾದವರು ನಲವತ್ತರ ಆಸುಪಾಸಿನವರಾಗಿದ್ದರೆ ‘ವಯಸ್ಸಾಯಿತು’ ಎಂದು ಬಿಡಬಾರದು. ಮೊದಲು ಅವರ ಬೋರಿನ ನೀರು ನೋಡಬೇಕು.

ನೀರು ನೋಡುವ ಬಗೆಯಲ್ಲೇ ಹೆಚ್ಚು ಎಡವಟ್ಟು. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ‘300 ಇದೆ, ಚಲೋ ನೀರು’ ಎನ್ನುವುದು ವಾಡಿಕೆಯಾಗಿದೆ. ಆ ಮೀಟರ್ ತೋರಿಸುವುದು ಕರಗಿದ ಲವಣಗಳ ಒಟ್ಟು ಲೆಕ್ಕ. ಅದರಲ್ಲಿ ಫ್ಲೋರೈಡ್ ಎಷ್ಟು, ಆರ್ಸೆನಿಕ್ ಎಂಬ ವಿಷ ಎಷ್ಟು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸುರಪುರ ಭಾಗದ ಹಳೆಯ ಚಿನ್ನದ ಗಣಿ ಸೀಮೆಯಲ್ಲಿರುವ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾಗಿದ್ದು, ಜನರ ಅಂಗೈ–ಅಂಗಾಲಿನ ಚರ್ಮ ಗಂಟುಗಟ್ಟಿದ್ದು ದಾಖಲಾಗಿದೆ. ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇಷ್ಟು ಅಲ್ಪ ಪ್ರಮಾಣ ನಾಲಿಗೆಗೂ ಗೊತ್ತಾಗದು, ಆ ಮೀಟರಿಗೂ ಗೊತ್ತಾಗದು.

ಜಲ ಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟು ಕಿಟ್ ಕೊಡಬೇಕೆಂಬ ನಿಯಮವಿದೆ. ಕಿಟ್ ಬಂದಿದ್ದರೆ ಅಲಮಾರಿಯಿಂದ ಹೊರತೆಗೆಯಿರಿ. ಬೋರನ್ನು ಐದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ, ಅದೇ ನೀರಿನಿಂದ ಪರೀಕ್ಷಾ ನಳಿಗೆಯನ್ನು ಮೂರು ಸಲ ಗಲಬರಿಸಿ ಗುರುತಿನವರೆಗೆ ತುಂಬಿ. ದ್ರಾವಣ ಹಾಕಿದಾಗ ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ನೆರಳಿನಲ್ಲಿ, ಬಿಳಿ ಕಾಗದ ಹಿಂದಿಟ್ಟು ಬಣ್ಣ ಹೋಲಿಸಿ. ಬಿಸಿಲಲ್ಲಿ ಹಿಡಿದರೆ ಎಲ್ಲವೂ ಹಳದಿಯೇ. ದ್ರಾವಣದ ಅವಧಿ ಮುಗಿದಿದ್ದರೆ ಬಣ್ಣವನ್ನು ನಂಬಬೇಡಿ. 1.5ರ ಹತ್ತಿರ ಬಂದರೆ ಒಂದು ಲೀಟರ್ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನ ಜೊತೆ ಬೆರೆತು ಫಲಿತಾಂಶ ಕೆಡುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನೋಡಬೇಕು, ಎರಡರ ನಡುವೆ ಅಂತರ ಇರುತ್ತದೆ.

ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಆವಿಯಾಗಿ ಹೋಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ. ಇನ್ನೊಂದು ಕಡೆ, ಕುಡಿಯಲು ಕ್ಯಾನಿನ ಫಿಲ್ಟರ್ ನೀರು ತರುವ ಮನೆಗಳಲ್ಲೇ ಬ್ಯಾಳಿ ಬೇಯುವುದು, ಚಹಾ ಕುದಿಯುವುದು, ಹಿಟ್ಟು ಕಲಸುವುದು ಬೋರಿನ ನೀರಿನಲ್ಲಿ. ಚಹಾಪುಡಿಯಲ್ಲಿ ಮೊದಲೇ ಫ್ಲೋರೈಡ್ ಇರುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 20 ಲೀಟರ್ ಬೇಕು, ಅಂದರೆ ಒಂದು ಕ್ಯಾನ್. ಅದನ್ನು ಅಡುಗೆಗೂ ಬಳಸಿ, ಕೈಕಾಲು ತೊಳೆಯಲು ಬೋರಿನ ನೀರು ಸಾಕು.

ಊರಿನ ಶುದ್ಧ ನೀರಿನ ಘಟಕವೂ ದೇವರಲ್ಲ. ನೀರು ಸೋಸುವ ಪೊರೆ ಹಳತಾದರೆ ಅದರಿಂದ ಬರುವ ನೀರಿನಲ್ಲೂ ಫ್ಲೋರೈಡ್ ನುಸುಳುತ್ತದೆ. ಮೂರು ತಿಂಗಳಿಗೊಮ್ಮೆ ನಲ್ಲಿಯಿಂದ ಹೊರಬರುವ ನೀರನ್ನೇ ಪರೀಕ್ಷಿಸಿ, ಅಂಕಿಯನ್ನು ಬಾಗಿಲ ಮೇಲೆ ಬರೆಯಬೇಕು. ಘಟಕ ಚೆಲ್ಲುವ ತಿರಸ್ಕೃತ ನೀರಿನಲ್ಲಿ ಫ್ಲೋರೈಡ್ ಒತ್ತಾಗಿ ಸೇರಿರುತ್ತದೆ. ಅದನ್ನು ದನದ ತೊಟ್ಟಿಗೆ ಬಿಡುವುದು ಕಂಡುಬರುತ್ತದೆ. ದನದ ಎಲುಬಿಗೂ ಅದೇ ಗತಿ.

ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 20 ಚದರ ಮೀಟರ್ ತಗಡಿನ ಮಾಡು, 700 ಮಿಲಿಮೀಟರ್ ಮಳೆ, ಚೆಲ್ಲಿದ್ದು ಕಳೆದು ನೂರಕ್ಕೆ 80 ಸಿಕ್ಕರೂ ವರ್ಷಕ್ಕೆ 11,200 ಲೀಟರ್. ಮೇಲೆ ಹೇಳಿದ ಐದು ಜನರ ಮನೆಗೆ 5,000 ಲೀಟರಿನ ಟ್ಯಾಂಕು 250 ದಿನ ಬರುತ್ತದೆ. ಋತುವಿನ ಮೊದಲ ಮಳೆ ಬಿಡಬೇಕು. ಆಮೇಲೂ ಪ್ರತಿ ಮಳೆಯ ಮೊದಲ 40 ಲೀಟರ್ ಹೊರಗೆ ಹರಿಸಿ ಆಮೇಲೆ ಟ್ಯಾಂಕಿಗೆ ತಿರುಗಿಸಬೇಕು, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತದೆ. ಟ್ಯಾಂಕಿಗೆ ಬೆಳಕು ಬಿದ್ದರೆ ಪಾಚಿ, ಬಾಯಿ ತೆರೆದಿದ್ದರೆ ಸೊಳ್ಳೆ. ಕುಡಿಯುವ ಮುಂಚೆ ಈ ನೀರನ್ನು ಕುದಿಸಬಹುದು, ಕುದಿಸಲೇಬೇಕು. ಊಟದಲ್ಲಿ ಎಳ್ಳು, ಮೊಸರು, ನುಗ್ಗೆ ಸೊಪ್ಪು ಇದ್ದರೆ ಅವುಗಳ ಸುಣ್ಣ ಹೊಟ್ಟೆಯಲ್ಲೇ ಸ್ವಲ್ಪ ಫ್ಲೋರೈಡನ್ನು ಹಿಡಿದು ಹೊರಹಾಕುತ್ತದೆ. ನೀರು ಬದಲಿಸದೆ ಎಳ್ಳು ತಿಂದರೆ ಮಾತ್ರ ಪ್ರಯೋಜನ ಕಡಿಮೆ.

(ಸೇಡಂ ಕಡೆ ‘ಸುಣ್ಣದ ನೀರಿನಿಂದ ಕಿಡ್ನಿಯಲ್ಲಿ ಕಲ್ಲು’ ಎಂಬ ಮಾತು ಬಲವಾಗಿದೆ. ಅದಕ್ಕಿಂತ ದೊಡ್ಡ ಕಾರಣ ಬಿಸಿಲಿನಲ್ಲಿ ಬೆವರಿದಷ್ಟು ನೀರು ಕುಡಿಯದಿರುವುದು. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದು ಎಂದೇ ಅರ್ಥ.)

ಇಲ್ಲಿಂದ ಬಿಪಿಗೆ ಬರೋಣ. ಕೀಲುನೋವಿನವರು ವಾರಕ್ಕೊಂದು ‘ನೋವಿನ ಸೂಜಿ’ ಮಾಡಿಸಿಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ಡೈಕ್ಲೊಫೆನಾಕ್. ಅವರೇ ಬಿಪಿಗೆ ಟೆಲ್ಮಿಸಾರ್ಟನ್ ಅಥವಾ ಎನಾಲಾಪ್ರಿಲ್, ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗೆಯೊಂದನ್ನು ನುಂಗುತ್ತಿರುತ್ತಾರೆ. ಈ ಮೂರೂ ಕೂಡಿ, ಮೇಲೆ 42 ಡಿಗ್ರಿ ಬಿಸಿಲಿನ ಬೆವರು ಸೇರಿದರೆ ಕಿಡ್ನಿಗೆ ರಕ್ತ ಸಾಲದೆ ದಿನಗಳಲ್ಲಿ ಕೆಡಬಹುದು. ಕಿಡ್ನಿ ಸೋತರೆ ದೇಹ ಫ್ಲೋರೈಡ್ ಹೊರಹಾಕುವುದೂ ಕಡಿಮೆಯಾಗಿ ಕೀಲುನೋವು ಮತ್ತೆ ಏರುತ್ತದೆ, ಮತ್ತೆ ಸೂಜಿ. ಸುತ್ತು ಶುರುವಾಗುವುದು ನೀರಿನಿಂದ, ಎಲ್ಲರೂ ನೋಡುವುದು ಮಂಡಿಯನ್ನು. ಬಿಪಿ ಗುಳಿಗೆ ತಿನ್ನುವವರು ಯಾವ ಸೂಜಿಗೂ ಮುಂಚೆ ಎಲ್ಲ ಚೀಟಿಗಳನ್ನು ತೋರಿಸಬೇಕು. ವಾಂತಿ–ಭೇದಿ ಹತ್ತಿದ ದಿನ ಬಿಪಿ ಗುಳಿಗೆ, ಶುಗರಿನ ಮೆಟ್ಫಾರ್ಮಿನ್ ಮುಂದುವರಿಸಬೇಕೋ ಎಂದು ಅಂದೇ ಕೇಳಬೇಕು. ಕಿಡ್ನಿ ಸರಿಯಿದೆಯೇ ಎಂದು ತಿಳಿಯಲು ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್ ನೋಡಿಸಬೇಕು.

ನಿಶ್ಶಕ್ತಿ ಎಂದು ಸಲಾಯಿನ್ ಹಚ್ಚಿಸಿಕೊಳ್ಳುವ ಚಾಳಿ ಇನ್ನೊಂದು. ಅರ್ಧ ಲೀಟರಿನ ನಾರ್ಮಲ್ ಸಲಾಯಿನ್ ಬಾಟಲಿಯಲ್ಲಿ 4.5 ಗ್ರಾಂ ಉಪ್ಪಿರುತ್ತದೆ. ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ ಬಿಟ್ಟು ಸಲಾಯಿನ್ ಹಚ್ಚಿಸಿಕೊಂಡರೆ ಏನು ಗಳಿಸಿದಂತಾಯಿತು?

ಬಿಸಿಲು ಯಂತ್ರಗಳನ್ನೂ ಕೆಡಿಸುತ್ತದೆ. ಬಹುತೇಕ ಡಿಜಿಟಲ್ ಬಿಪಿ ಯಂತ್ರಗಳನ್ನು ಮಾಡಿರುವುದು 10ರಿಂದ 40 ಡಿಗ್ರಿಯೊಳಗೆ ಬಳಸಲಿಕ್ಕೆ. ಶುಗರ್ ನೋಡುವ ಪಟ್ಟಿಗಳನ್ನು 30 ಡಿಗ್ರಿಯೊಳಗೆ ಇಡಿ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಮನೆ ಮನೆ ತಪಾಸಣೆಗೆ ಹೊರಟ ಆಶಾ ಕಾರ್ಯಕರ್ತೆಯ ಚೀಲ ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಎಷ್ಟು ಕಾದಿರುತ್ತದೆ ಎಂದು ಯಾರೂ ಅಳೆದಂತಿಲ್ಲ. ತಪಾಸಣೆ ಬೆಳಗ್ಗೆ ಹತ್ತರೊಳಗೆ ಮುಗಿಯಲಿ, ಪಟ್ಟಿಯ ಡಬ್ಬಿಯ ಮುಚ್ಚಳ ಕೂಡಲೇ ಬಿಗಿಯಾಗಲಿ. ಬಿಪಿ ಬೇಸಿಗೆಯಲ್ಲಿ ತುಸು ಇಳಿಯುತ್ತದೆ, ಚಳಿಗೆ ಏರುತ್ತದೆ. ಮೇನಲ್ಲಿ ‘ನಾರ್ಮಲ್’ ಎಂದು ಬರೆಸಿಕೊಂಡ ಬೀದರ್‌ನವರು ಅಲ್ಲಿನ ಡಿಸೆಂಬರ್ ಚಳಿಯಲ್ಲಿ ಇನ್ನೊಮ್ಮೆ ನೋಡಿಸಿಕೊಳ್ಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಇನ್ಸುಲಿನ್‌ಗೆ ನಮ್ಮ ಒಣ ಬಿಸಿಲೇ ಒಂದು ಉಪಾಯ ಕೊಡುತ್ತದೆ. ಬಣ್ಣ ಬಳಿಯದ ದೊಡ್ಡ ಗಡಿಗೆಯೊಳಗೆ, ಸುತ್ತ ಎರಡು ಬೆರಳು ಸಂದು ಉಳಿಯುವಂತೆ ಚಿಕ್ಕ ಗಡಿಗೆ ಇಡಿ. ಸಂದಿಗೆ ತೊಳೆದ ಮರಳು ತುಂಬಿ, ದಿನಕ್ಕೆ ಮೂರು ಸಲ ನೀರು ಹಾಕಿ. ಬಾಟಲಿಯನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಒಳಗಿನ ಗಡಿಗೆಗೆ ಇಳಿಸಿ, ಬಾಯಿಗೆ ಒದ್ದೆ ಬಟ್ಟೆ ಹಾಕಿ. ನೆರಳು ಬೇಕು, ಗಾಳಿಯೂ ಆಡಬೇಕು. ಮುಚ್ಚಿದ ಕೋಣೆಯ ಮೂಲೆಯಲ್ಲಿಟ್ಟರೆ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಜುಲೈ–ಆಗಸ್ಟ್‌ನ ತೇವದಲ್ಲಿ ಇದರ ಶಕ್ತಿ ಕುಗ್ಗುತ್ತದೆ, ಆದರೆ ಆಗ ಸೆಕೆಯೂ ಕಡಿಮೆ. ಇದು ಬಳಕೆಯಲ್ಲಿರುವ ಒಂದು ಬಾಟಲಿಗೆ ಮಾತ್ರ; ಸೀಲು ಒಡೆದ ಮೇಲೆ ಸಾಮಾನ್ಯವಾಗಿ 28 ದಿನದೊಳಗೆ ಮುಗಿಸಬೇಕು. ಸೀಲು ಒಡೆಯದ ಬಾಟಲಿಗಳು 2ರಿಂದ 8 ಡಿಗ್ರಿಯಲ್ಲಿರಬೇಕು, ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲೇ ಇಡಲು ಕೇಳಿಕೊಳ್ಳಿ. ಫ್ರಿಜ್ಜಿನ ಹಿಮದ ಖಾನೆಯಲ್ಲಿಟ್ಟು ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿದರೂ ಕೆಲಸಕ್ಕೆ ಬಾರದು. ತಿಳಿ ಇರಬೇಕಾದ್ದು ಮಬ್ಬಾಗಿದ್ದರೆ, ಹಾಲಿನಂತಿರಬೇಕಾದ್ದು ಉರುಳಿಸಿದ ಮೇಲೂ ಹರಳು ಹರಳಾಗಿದ್ದರೆ ಬಿಸಾಡಿ.

ಹೊಗೆಯ ಬಗ್ಗೆ ಎರಡೇ ಮಾತು. ಕೇಂದ್ರದ 2019ರ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿರುವ ರಾಜ್ಯದ ನಾಲ್ಕು ನಗರಗಳಲ್ಲಿ ಕಲಬುರಗಿ ಒಂದು. ವಾಡಿ, ಮಳಖೇಡದ ಸಿಮೆಂಟ್ ಧೂಳು ಕಣ್ಣಿಗೆ ಕಾಣುತ್ತದೆ, ಜನ ದೂರುತ್ತಾರೆ, ದೂರಲೇಬೇಕು. ಆದರೆ ತೊಗರಿ ಕಟಗಿ, ಹತ್ತಿ ಕಟಗಿ ಉರಿಸಿ ರೊಟ್ಟಿ ಬಡಿಯುವ ಹೆಂಗಸರ ಪುಪ್ಪುಸಕ್ಕೆ ಹೋಗುವ ಸಣ್ಣ ಕಣಗಳು ಕಾಣುವುದೇ ಇಲ್ಲ. ಸಿಲಿಂಡರ್ ಚಹಾಕ್ಕೆ, ಒಲೆ ರೊಟ್ಟಿಗೆ ಎಂಬ ಪದ್ಧತಿ ಇರುವವರೆಗೆ ಕನಿಷ್ಠ ಸ್ನಾನದ ನೀರಿನ ಒಲೆಯಾದರೂ ಅಂಗಳಕ್ಕೆ ಹೋಗಲಿ. ಒಣಗದ ಕಟಗಿ ದುಪ್ಪಟ್ಟು ಹೊಗೆಯುತ್ತದೆ, ಮಳೆಗಾಲದ ಕಟಗಿಯನ್ನು ಬೇಸಿಗೆಯಲ್ಲೇ ಒಳಗೆ ಸೇರಿಸಿಡಬೇಕು. ಬೀಡಿ ಮುಟ್ಟದ ಹೆಂಗಸಿಗೆ ಮೂರು ತಿಂಗಳಿಂದ ಕೆಮ್ಮು, ಏರು ಹತ್ತಿದರೆ ಏದುಸಿರು ಎಂದರೆ ಕಫ ಪರೀಕ್ಷೆಯ ಜೊತೆಗೆ ಊದಿಸಿ ನೋಡುವ ಸ್ಪೈರೊಮೆಟ್ರಿಯನ್ನೂ ಕೇಳಿ ಮಾಡಿಸಿಕೊಳ್ಳಬೇಕು.

ತಗಡಿನ ಶೆಡ್ಡಿನ ಸೆಕೆ ರಾತ್ರಿಯೂ ಬಿಡುವುದಿಲ್ಲ, ನಿದ್ದೆಗೆಟ್ಟವರ ಬಿಪಿಯೂ ಇಳಿಯುವುದಿಲ್ಲ. ಫರಸಿ ಅಥವಾ ಆರ್‌ಸಿಸಿ ಮಾಳಿಗೆಗೆ ಮಾರ್ಚ್‌ನಲ್ಲಿ ಎರಡು ಸಲ ಸುಣ್ಣ ಬಳಿದರೆ ಒಳಗೆ ವ್ಯತ್ಯಾಸ ಗೊತ್ತಾಗುತ್ತದೆ. ತಗಡಿನ ಮೇಲೆ ಸುಣ್ಣ ನಿಲ್ಲದು, ತುಕ್ಕು ಹಿಡಿಸುತ್ತದೆ. ಅಲ್ಲಿ ಒಳಗಿನಿಂದ ಒಂದು ಗೇಣು ಸಂದು ಬಿಟ್ಟು ಬಿದಿರು ಚಾಪೆ ಕಟ್ಟಿ, ಸಂದಿನ ಎರಡೂ ಕೊನೆ ತೆರೆದಿಡಬೇಕು. ಜೋಳದ ಕಣಿಕೆ ಹೊದಿಸುವವರು ಒಲೆಯ ಕಿಡಿಯನ್ನು ನೆನಪಿನಲ್ಲಿಡಲಿ.

ಕೊನೆಯದಾಗಿ, ವರ್ಷದಲ್ಲಿ ಆರು ತಿಂಗಳು ವಿಳಾಸವೇ ಬೇರೆಯಾಗುವವರು. ದೀಪಾವಳಿ ಮುಗಿಯುತ್ತಿದ್ದಂತೆ ಅನೇಕ ತಾಂಡಾಗಳಲ್ಲಿ ಮನೆಗೆ ಬೀಗ ಬಿದ್ದು ಜನ ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಆರೋಗ್ಯ ಕೇಂದ್ರದಲ್ಲಿ ಸಿಗುವುದು 30 ದಿನದ ಗುಳಿಗೆ. 31ನೇ ದಿನ ಬಿಪಿ ಗುಳಿಗೆ ನಿಲ್ಲುತ್ತದೆ, ತಲೆನೋವಿಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಜಿಲ್ಲಾ ಆರೋಗ್ಯ ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟು: ತಪಾಸಣೆ ಕಾರ್ಡಿನಲ್ಲಿ ಕುಡಿಯುವ ನೀರಿನ ಮೂಲ, ಅಡುಗೆ ಒಲೆ, ಮನೆಯ ಮಾಡು, ಊರಿನಲ್ಲಿರುವ ತಿಂಗಳು ಎಂಬ ನಾಲ್ಕು ಸಾಲು ಸೇರಿಸಿ. ಪ್ರತಿ ಬೋರಿನ ಫ್ಲೋರೈಡ್ ಅಂಕಿಯನ್ನು ತಾರೀಖು ಸಮೇತ ಬೋರಿನ ಕಟ್ಟೆಯ ಮೇಲೇ ಬಣ್ಣದಲ್ಲಿ ಬರೆಸಿ, ಕುಡಿಯಬಾರದ್ದಕ್ಕೆ ಕೆಂಪು ಬಳಿಸಿ. ಗುಳೆ ಹೋಗುವವರಿಗೆ ಮೂರು ತಿಂಗಳ ಗುಳಿಗೆ ಒಮ್ಮೆಗೇ ಕೊಡಿ. ಜೊತೆಗೆ ಒಂದು ಚೀಟಿಯಲ್ಲಿ ಗುಳಿಗೆಯ ಕಂಪನಿ ಹೆಸರಿನ ಬದಲು ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಕೊನೆಯ ಬಿಪಿ ಎಷ್ಟು ಎಂದು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದುಕೊಡಿ. ಪುಣೆಯ ಸರ್ಕಾರಿ ದವಾಖಾನೆಯಲ್ಲಿ ಗುಳಿಗೆಯ ಬಣ್ಣ ಬೇರೆ ಇರುತ್ತದೆ, ಹೆಸರು ಅದೇ ಇರುತ್ತದೆ. ಈ ಕೆಲಸ ಆಗಬೇಕಾದ್ದು ದೀಪಾವಳಿಗೆ ಒಂದು ವಾರ ಮೊದಲು. ಬಸ್ಸು ಹತ್ತಿದ ಮೇಲೆ ಅವರು ಸಿಗುವುದು ಮುಂದಿನ ಮುಂಗಾರಿಗೆ.

– ಸಮುದಾಯ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಕೆಲವು ಓದುಗರು,
ಕಲಬುರಗಿ ಮತ್ತು ಯಾದಗಿರಿ